ಗಾಳಿಯ ಅಂಕಿ

ನಾಗಮಂಗಲ

ಅಬ್ಬಾ, ಅಸ್ಸಲಾಮು ಅಲೈಕುಂ.

ಫೋನಿನಲ್ಲಿ ಹೇಳಿದರೆ ಅಮ್ಮಿಗೂ ಕೇಳಿಸುತ್ತದೆಂದು ಕಾಗದ ಬರೆಸುತ್ತಿದ್ದೇನೆ. ಮಾತು ನನ್ನದು, ಅಕ್ಷರ ನನ್ನ ಜೊತೆ ಕೆಲಸ ಮಾಡುವ ರಂಜಿತಳದು. ನಾನೇ ಬರೆದರೆ ಸಾಲು ಎಲ್ಲಿಗೆ ಹೋಯಿತೆಂದು ನನಗೀಗ ಕಾಣುವುದಿಲ್ಲ.

ಬಿಂಡಿಗನವಿಲೆ ಕಡೆಯ ಗಾಳಿಯಂತ್ರಗಳು ಹೇಗೆ ಓಡುತ್ತಿವೆ ಎಂದು ಇಲ್ಲಿ ಕೂತು ಕಂಪ್ಯೂಟರಿನಲ್ಲಿ ನೋಡುವುದೇ ನನ್ನ ಕೆಲಸವಲ್ಲವೇ? ಮೊನ್ನೆ ಗಾಳಿಯ ವೇಗ ಸೆಕೆಂಡಿಗೆ ಹದಿನೆಂಟು ಮೀಟರ್ ಇದ್ದದ್ದನ್ನು ಹದಿಮೂರೆಂದು ಓದಿ, ರಿಪೇರಿಗೆ ಕಂಬ ಹತ್ತಬಹುದೆಂದು ನಮ್ಮ ಮೆಕ್ಯಾನಿಕ್ ಚಲುವರಾಜುಗೆ ಹೇಳಿಬಿಟ್ಟೆ. ತುದಿಗೆ ಹೋದವನು ಹೇಗೋ ಇಳಿದು ಆಫೀಸಿಗೆ ಬಂದು, "ಮ್ಯಾಲೆ ನಿಂತ್ಕಳಕ್ಕೇ ಆಗ್ನಿಲ್ಲ ಮೇಡಂ. ವಸಿ ನೋಡ್ಕಂಡು ಯೋಳಿ" ಎಂದ. ಅವನ ಅಂಗೈ ತರಚಿ ಹೋಗಿತ್ತಂತೆ. ರಂಜಿತ ಆಮೇಲೆ ಹೇಳಿದಳು. ಎದುರಿಗೇ ನಿಂತಿದ್ದರೂ ನನಗೆ ಕಾಣಲಿಲ್ಲ.

ಇಂದು ರಾಜೀನಾಮೆ ಕೊಟ್ಟೆ. ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದೂ ನಿಲ್ಲುವುದಿಲ್ಲ ಎಂದು ಮೈಸೂರಿನ ಡಾಕ್ಟರು ಹೇಳಿದ್ದಾರೆ. ಬೇರೆ ಯಾವ ಡಾಕ್ಟರನ್ನೂ ವಿಚಾರಿಸಬೇಡಿ, ನಾನು ವಿಚಾರಿಸಿಯಾಗಿದೆ. ಅಮ್ಮಿಗೆ ನಾನೇ ಬಂದು ಹೇಳುತ್ತೇನೆ.

ಶುಕ್ರವಾರ ನಮಾಜು ಮುಗಿಸಿಕೊಂಡು ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡಿಗೆ ಬನ್ನಿ. ಇಲ್ಲಿ ರಂಜಿತ ಬಸ್ಸು ಹತ್ತಿಸುತ್ತಾಳೆ. ಎಂದಿನಂತೆ ದೂರದಿಂದ ಕೈ ಬೀಸಬೇಡಿ ಅಬ್ಬಾ. ಹತ್ತಿರ ಬಂದು ನನ್ನ ಹೆಸರು ಹಿಡಿದು ಕೂಗಿ.

ನಿಮ್ಮ
ಆತಿಯಾ