ಫಾರಂನ ನಾಲ್ಕನೆಯ ಸಾಲು

ಮೂರನೆಯ ಲೈನ್ ಮನೆ,
ಜಾವಳಿ
1-1-2025

ಸೌಂದರ್ಯಳ ಅಪ್ಪನವರಿಗೆ,

ಪತ್ರದ ಮೊದಲಿಗೆ ಕ್ಷೇಮ ಕೇಳಬೇಕು ಎಂದು ಶಾಲೆಯಲ್ಲಿ ಕಲಿಸಿದ್ದರು. ನೀವು ಕ್ಷೇಮವಾಗಿಲ್ಲ ಎಂದು ಗೊತ್ತಿದೆ, ಅದಕ್ಕೆ ಕೇಳುವುದಿಲ್ಲ. ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ನಾನು, ಆರು ವರ್ಷದ ನಿಮ್ಮ ಮಗಳು, ನಿಮ್ಮನ್ನು ಹೆತ್ತ ನನ್ನ ಅತ್ತೆ.

ನೀವು ಮೊಬೈಲಿಗೆ ಕಳಿಸಿದ ಮಾತನ್ನು ಹತ್ತು ಸಲ ಕೇಳಿದೆ. "ನೋಡು ಮಾರಾಯ್ತಿ, ಸಿಟ್ಟುಗಿಟ್ಟೆಲ್ಲ ಆಮೇಲೆ. ಪಿತ್ತಕೋಶದಲ್ಲಿ ಕಲ್ಲಾಗಿದೆ. ಆಪರೇಷನ್ ಆಗಲೇಬೇಕಂತೆ, ತಡ ಮಾಡಿದರೆ ಜೀವಕ್ಕೇ ಕುತ್ತಂತೆ. ಸೊಸೈಟಿಯ ಆರೋಗ್ಯ ಕಾರ್ಡಿಗೆ ಡಿಸೆಂಬರ್ ಮೂವತ್ತೊಂದು ಕೊನೆ. ಮೊದಲು ನನ್ನ ಹೆಸರು ಬರೆಸು" ಎಂದಿರಿ. ಹತ್ತು ಸಲ ಕೇಳಿದ್ದು ಏಕೆಂದರೆ ಅದರಲ್ಲಿ ಎಲ್ಲಾದರೂ ನಮ್ಮ ಅಮ್ಮನ ಹೆಸರು ಬರುತ್ತದೆಯೇ ಎಂದು. ಬರಲಿಲ್ಲ. ಹನ್ನೊಂದನೆಯ ಸಲ ಕೇಳಲಿಲ್ಲ.

ನಿನ್ನೆಗೆ ಮೂವತ್ತೊಂದು ಮುಗಿಯಿತು. ನಿಮ್ಮ ಹೆಸರು ಬರೆಸಿದೆನೋ ಇಲ್ಲವೋ ಎಂದು ತಿಳಿಯಬೇಕಾದರೆ ಈ ಪತ್ರವನ್ನು ಪೂರ್ತಿ ಓದಬೇಕು. ಹಾಳೆ ತಿರುವಿ ಕೊನೆಯನ್ನು ಮೊದಲೇ ನೋಡಬೇಡಿ. ಫೋನಿನಲ್ಲಾದರೆ ನಾನು ಅರ್ಧ ಹೇಳುವಷ್ಟರಲ್ಲಿ ನಿಮ್ಮ ಮಾತು ಶುರುವಾಗುತ್ತದೆ, ನನ್ನದು ನಿಂತುಹೋಗುತ್ತದೆ. ಕಾಗದದ ನಡುವೆ ಬಾಯಿ ಹಾಕಲು ನಿಮಗೂ ಆಗುವುದಿಲ್ಲ.

ನಿಮ್ಮ ಹೊಟ್ಟೆಯ ಕಲ್ಲಿನ ಸುದ್ದಿ ಇಡೀ ಎಸ್ಟೇಟಿಗೆ ಗೊತ್ತಾಗಿದೆ. ನೀವು ಮೇಸ್ತ್ರಿ ಕೆಂಚಯ್ಯಣ್ಣನಿಗೂ ಫೋನ್ ಮಾಡಿದ್ದಿರಂತೆ. ಅವರು ಕಾಫಿ ಹಣ್ಣು ಕೊಯ್ಯುವ ಕಡೆಗೇ ಬಂದು, "ಏನವ್ವಾ, ವಸ್ತಾರೆಯಲ್ಲಿ ನಿನ್ನ ಗಂಡನ ಹೊಟ್ಟೆಯಲ್ಲಿ ಕಲ್ಲಂತಲ್ಲ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ನಾನು ಕೊಯ್ಯುತ್ತಲೇ ಇದ್ದೆ. ಪಕ್ಕದ ಸಾಲಿನಲ್ಲಿದ್ದ ದ್ಯಾವಮ್ಮ ಸುಮ್ಮನಿರುತ್ತಾರೆಯೇ? "ಇಷ್ಟು ದಿನ ಎದೆಯಲ್ಲಿತ್ತು, ಈಗ ಹೊಟ್ಟೆಗಿಳಿದಿರಬೇಕು ಬಿಡಿ" ಎಂದರು. ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ನಿಮಗೆ ನೋವಾದ ವಿಷಯಕ್ಕೆ ನಗು ಬಂದದ್ದು ಅದೇ ಮೊದಲು, ಚೆನ್ನಾಗಿತ್ತು.

ಈಗ ಹಳೆಯದನ್ನು ಹೇಳುತ್ತೇನೆ.

ನೀವು ರೈಟರ್, ಆಳುಗಳ ಹಾಜರಿ ಬರೆಯುವವರು. ಜೇಬಿನಲ್ಲಿ ಸದಾ ಎರಡು ಪೆನ್ನು. ನಾನು ಐದನೆಯ ತರಗತಿ. ಆರನೆಯದಕ್ಕೆ ತೋಟದೊಳಗೆ ಐದು ಮೈಲಿ ನಡೆಯಬೇಕಿತ್ತು. ಆ ವರ್ಷ ಆನೆಗಳು ಬಂದು ನಿಂತಿದ್ದವು, ಅಮ್ಮ ಬಿಡಲಿಲ್ಲ. ಆದರೆ ಐದರವರೆಗೆ ನಾನು ಚೆನ್ನಾಗಿಯೇ ಕಲಿತೆ. ನಮ್ಮ ಶಾಲೆಯಲ್ಲಿ ಇಬ್ಬರಿಗೆ ಒಂದು ಪುಸ್ತಕ. ಎದುರುಬದುರು ಕೂರುತ್ತಿದ್ದೆವು, ಪುಸ್ತಕ ಯಾವಾಗಲೂ ಎದುರಿನವಳ ಕಡೆಗೇ ತಿರುಗಿರುತ್ತಿತ್ತು. ನನ್ನ ಕಡೆ ತಿರುಗಿಸು ಎಂದು ಕೇಳಲು ನನಗೆ ನಾಚಿಕೆ. ಹಾಗೆಯೇ ಓದು ಕಲಿತೆ.

ಮದುವೆಯಾದ ಹೊಸತರಲ್ಲಿ ಮೂಡಿಗೆರೆಯ ಬ್ಯಾಂಕಿನಲ್ಲಿ ಸಹಿ ಕೇಳಿದರು. ನಾನು ಬರೆಯುವುದು ನಿಧಾನ, ಹಿಂದೆ ಜನ ನಿಂತಿದ್ದರು. "ನಮ್ಮ ಮನೆಯವಳು ಹೆಬ್ಬೆಟ್ಟು ಸಾರ್" ಎಂದು ನೀವು ನಕ್ಕಿರಿ. ನಾನು ಸುಮ್ಮನೆ ಹೆಬ್ಬೆಟ್ಟು ಒತ್ತಿದೆ. ಅಂದಿನಿಂದ ಅದೇ ನನ್ನ ಹೆಸರು. "ಹೆಬ್ಬೆಟ್ಟೂ, ಕಾಫಿ ತಾ" ಎಂದು ಕರೆದಷ್ಟು ಸಲ ನೀವು ನನ್ನನ್ನು ಹೆಸರು ಹಿಡಿದು ಕರೆದಿಲ್ಲ. ನಾನಂತೂ ನಿಮ್ಮ ಹೆಸರನ್ನು ಇದುವರೆಗೆ ಬಾಯಿಂದ ಹೇಳಿಲ್ಲ. ಹೆಂಡತಿ ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಮದುವೆಯ ಮಾರನೆಯ ದಿನವೇ ಅತ್ತೆ ಹೇಳಿಕೊಟ್ಟಿದ್ದರು.

ನೀವು ಆ ಹಳೆಯ ಓಮ್ನಿ ಕಾರು ತಗೊಂಡಿರಿ. ನಮ್ಮ ಬಿಪಿಎಲ್ ಕಾರ್ಡ್ ರದ್ದಾಗಿ ಎಪಿಎಲ್ ಆಯಿತು. ಕಾರು ಮೂರು ತಿಂಗಳು ಓಡಿ ಶೆಡ್ಡಿನಲ್ಲಿ ನಿಂತಿತು, ಹೋದ ಕಾರ್ಡ್ ಮಾತ್ರ ವಾಪಸ್ ಬರಲಿಲ್ಲ. ಆಮೇಲೆ ನಮ್ಮಂಥವರ ಕೈಗೆ ಎಟುಕುವುದು ಸೊಸೈಟಿಯ ಆರೋಗ್ಯ ಕಾರ್ಡ್ ಒಂದೇ ಎಂದು ನೀವೇ ಹೇಳಿದಿರಿ. ಸ್ತ್ರೀಶಕ್ತಿ ಸಂಘದಿಂದ ನಾನು ಕಟ್ಟಿದ್ದ ಷೇರು ಇದ್ದುದರಿಂದ ಸದಸ್ಯೆ ನಾನು. ನಾಲ್ವರಿಗೆ ಆರುನೂರು ರೂಪಾಯಿ, ಐದನೆಯವರಿಗೆ ಮೇಲೆ ನೂರು. ನಾವು ಐದು ಜನ. ನಮ್ಮ ಅಮ್ಮ ಯಲ್ಲಮ್ಮ ಐದನೆಯವರು. ಆ ನೂರನ್ನು ಬೇರೆಯಾಗಿ ಮಡಿಸಿ, "ಇದು ಅಮ್ಮನದು" ಎಂದು ನಿಮ್ಮ ಕೈಗೆ ಕೊಟ್ಟೆ. 2023ರ ಡಿಸೆಂಬರ್ ಅದು. ಸೊಸೈಟಿಯಲ್ಲಿ ಫಾರಂ ನೀವೇ ತುಂಬಿದಿರಿ. "ಇಲ್ಲಿ ಹೆಬ್ಬೆಟ್ಟೊತ್ತು, ಸಾಕು" ಎಂದಿರಿ. ಓದಲಿಲ್ಲ, ನಂಬಿ ಒತ್ತಿದೆ. ಸಂಜೆ ನಿಮ್ಮ ಮೊಬೈಲಿಗೆ ಹೊಳೆಯುವ ಹೊಸ ಕವರು ಬಂದಿತ್ತು, ಹಿಂಬದಿಯಲ್ಲಿ ಹುಲಿಯ ಚಿತ್ರ.

ಆರು ತಿಂಗಳಿಗೆ ಅಮ್ಮನಿಗೆ ಏರು ಹತ್ತಿದರೆ ಉಸಿರು ಕಟ್ಟತೊಡಗಿತು. ಹೃದಯದ ಕವಾಟ ಹಾಳಾಗಿದೆ ಎಂದು ಡಾಕ್ಟರು ಮಂಗಳೂರಿಗೆ ಬರೆದುಕೊಟ್ಟರು. ನೀವು ರಜೆ ಇಲ್ಲ ಎಂದಿರಿ, ನಾನೊಬ್ಬಳೇ ಕರೆದುಕೊಂಡು ಹೋದೆ. ದೊಡ್ಡ ಆಸ್ಪತ್ರೆಯ ಕೌಂಟರಿನಲ್ಲಿದ್ದ ಹೆಂಗಸು ಕಾರ್ಡಿನ ನಂಬರ್ ಹಾಕಿ ನೋಡಿ, "ಈ ಹೆಸರು ಇಲ್ಲವಲ್ಲ" ಎಂದಳು. ಅಮ್ಮ ಬೆಂಚಿನಿಂದ ಎದ್ದು ಬಂದು ಕೌಂಟರಿಗೆ ಎರಡೂ ಕೈ ಊರಿ, "ಯಲ್ಲಮ್ಮ ಅಂತ, ತಾಯಿ. ಸಣ್ಣ ಹೆಸರು. ಕಣ್ತಪ್ಪಿ ಹೋಗಿರಬಹುದು, ಇನ್ನೊಂದು ಸಲ ಹುಡುಕು" ಎಂದಳು. ಆಕೆ ಪಾಪ, ಇನ್ನೂ ಎರಡು ಸಲ ಹುಡುಕಿದಳು.

ನಿಮಗೆ ಫೋನ್ ಮಾಡಿದೆ. "ಸರ್ವರ್ ಪ್ರಾಬ್ಲಂ ಇರಬೇಕು, ಕಾಯಿರಿ" ಎಂದಿರಿ. ಎರಡು ದಿನ ಕಾದೆವು. ಕಾರ್ಡಿಲ್ಲದೆ ಅವರು ಹೇಳಿದ ದುಡ್ಡನ್ನು ನಾನು ಈ ಜನ್ಮದಲ್ಲಿ ನೋಡಲಾರೆ. ವಾಪಸ್ ಬರುವಾಗ ಬಸ್ಸಿನಲ್ಲಿ ಅಮ್ಮ ಕೇಳಿದ್ದು ಒಂದೇ, "ನನ್ನ ಹೆಸರು ಬರೆಸಿದ್ದೆ ತಾನೇ ಮಗಾ?" ಬರೆಸಿದ್ದೆ ಅಮ್ಮಾ ಎಂದೆ. ಊರಿಗೆ ಬಂದ ಮೇಲೆ ಸೊಸೈಟಿಯಲ್ಲಿ ಫಾರಂ ತೆಗೆಸಿ ನೋಡಿದೆ. ನಾಲ್ಕೇ ಹೆಸರು. ಆಗಲೇ ನನಗೆ ಗೊತ್ತಾದದ್ದು.

ಸೆಪ್ಟೆಂಬರಿನಲ್ಲಿ ಅಮ್ಮ ಹೋದಳು. ಹನ್ನೊಂದನೆಯ ದಿನ ಮುಗಿದ ಮೇಲೆ ನಾನು ಆ ನೂರು ರೂಪಾಯಿಯನ್ನು ಕೇಳಿದೆ. "ಒಂದು ನೂರಕ್ಕೆ ಹೀಗೆ ಪ್ರಾಣ ತಿನ್ನುತ್ತೀಯಲ್ಲ, ಆಗ ಕೈಯಲ್ಲಿ ಇರಲಿಲ್ಲ, ಖರ್ಚಾಯಿತು" ಎಂದಿರಿ. ನಿಮ್ಮ ಮೊಬೈಲಿನ ಹುಲಿ ನನ್ನನ್ನೇ ನೋಡುತ್ತಿತ್ತು. ಮಾರನೆಯ ದಿನ ಬ್ಯಾಗ್ ಹಿಡಿದು ವಸ್ತಾರೆಯ ಎಸ್ಟೇಟಿಗೆ ರೈಟರ್ ಕೆಲಸಕ್ಕೆ ಹೊರಟುಹೋದಿರಿ. ಅತ್ತೆ ನಿಮ್ಮ ಹಿಂದೆ ಬರಲಿಲ್ಲ.

ಈ ಸಲ ನಾನು ಎಲ್ಲವನ್ನೂ ಓದಿದೆ. ಖಾಸಗಿ ವಿಮೆಯ ಏಜೆಂಟ್ ಶಂಕರ ಎಂಬವರು ನಮ್ಮ ಲೈನ್ ಮನೆಗಳಿಗೆ ಬಂದಿದ್ದರು. ಬಣ್ಣದ ಪುಸ್ತಕ ಕೊಟ್ಟರು. ಅತ್ತೆಯ ವಯಸ್ಸು ಕೇಳಿ, ಎಲ್ಲರಿಗೂ ಸೇರಿ ವರ್ಷಕ್ಕೆ ಇಪ್ಪತ್ತೆರಡು ಸಾವಿರ ಎಂದರು. ನಾನು ಕೊನೆಯ ಪುಟದ ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟು ಓದುತ್ತಿದ್ದೆ. "ಅಯ್ಯೋ ಅಕ್ಕಾ, ಅದನ್ನೆಲ್ಲ ಯಾರೂ ಓದಲ್ಲ" ಎಂದು ನಕ್ಕರು. "ಅದಕ್ಕೇ ಓದುತ್ತಿದ್ದೇನೆ" ಎಂದೆ. ನಾನೇ ಹೇಳಿದ್ದು, ನಂಬಿ. ಈಗಾಗಲೇ ಇರುವ ಕಾಯಿಲೆಗೆ ಮೂರು ವರ್ಷ ಕಾಯಬೇಕು, ಹೊಟ್ಟೆಯೊಳಗಿನ ಕಲ್ಲಿಗೆ ಎರಡು ವರ್ಷ ಎಂದು ಬರೆದಿತ್ತು. ಸೊಸೈಟಿಯ ಕಾರ್ಡಿಗೆ ಕಾಯುವುದು ಒಂದೇ ತಿಂಗಳು. ಆದರೆ ಹೊಸದಾಗಿ ಸದಸ್ಯರಾದವರಿಗೆ ಆ ವರ್ಷ ಕಾರ್ಡಿಲ್ಲ. ಅದನ್ನೂ ಓದಿದೆ. ಅಂದರೆ ನೀವು ವಸ್ತಾರೆಯಲ್ಲಿ ಇವತ್ತು ಷೇರು ಕಟ್ಟಿದರೂ ಈ ವರ್ಷಕ್ಕಿಲ್ಲ. ನಿಮಗೆ ಇದ್ದ ದಾರಿ ನನ್ನ ಫಾರಂ ಒಂದೇ.

ಮೊನ್ನೆ ಸೋಮವಾರ ಕೂಲಿ ಬಿಟ್ಟು ಸೊಸೈಟಿಗೆ ಹೋದೆ. ಹಣ್ಣಿನ ಕಾಲವಾದರೂ ಐವತ್ತು ಜನ ಸಾಲಿನಲ್ಲಿದ್ದರು. ಕಾರ್ಯದರ್ಶಿ ದಾಮೋದರಯ್ಯನವರು ಹೊಸಬರು, ನಿಮ್ಮನ್ನು ನೋಡಿದವರಲ್ಲ. ಮೊದಲು ಮಿಷನ್ನಿನ ಮೇಲೆ ಬೆರಳಿಡಲು ಹೇಳಿದರು. ಇಟ್ಟೆ. ತೆಗೆದುಕೊಳ್ಳಲಿಲ್ಲ. ಒರೆಸಿ ಇಟ್ಟೆ, ಇಲ್ಲ. ಮೂರನೆಯ ಸಲವೂ ಇಲ್ಲ. "ಹಣ್ಣು ಕೊಯ್ದು ಕೊಯ್ದು ಗೆರೆಯೆಲ್ಲ ಸವೆದಿದೆಯಲ್ಲಮ್ಮ. ಸಹಿ ಹಾಕಲು ಬರುತ್ತದಾ?" ಎಂದರು. ನೋಡಿ, ಇಷ್ಟು ವರ್ಷ ನೀವು ಇಟ್ಟ ಹೆಸರನ್ನು ಆ ಮಿಷನ್ನು ಒಪ್ಪಲಿಲ್ಲ. ಬರುತ್ತದೆ ಎಂದೆ. ಐವತ್ತು ಜನರ ಎದುರು ನಿಧಾನವಾಗಿ, ದೀರ್ಘವನ್ನೂ ಬಿಡದೆ ಧನ್ಯಶ್ರೀ ಎಂದು ಬರೆದೆ. ಹಿಂದೆ ನಿಂತವರು ಕಾದರು. ಯಾರೂ ಸಾಯಲಿಲ್ಲ.

ಮೊದಲ ಸಾಲಿಗೆ ನಾನು. ಎರಡಕ್ಕೆ ಅತ್ತೆ ಪಾಪಮ್ಮ. ಮೂರಕ್ಕೆ ಸೌಂದರ್ಯ. "ನಾಲ್ಕಕ್ಕೆ ಯಜಮಾನರು ತಾನೇ? ಹೆಸರು ಹೇಳಮ್ಮ" ಎಂದರು. ನಾನು ಸುಮ್ಮನೆ ನಿಂತೆ. ಅವರಿಗೆ ನಗು ಬಂತು. "ಓ, ಗಂಡನ ಹೆಸರು ಹೇಳುವುದಿಲ್ಲವೋ? ಈ ಕಾಲದಲ್ಲೂ! ಬರೆಯಲು ಬರುತ್ತದಲ್ಲ, ನೀನೇ ಬರೆದುಬಿಡು" ಎಂದು ಫಾರಮನ್ನು ನನ್ನ ಕಡೆಗೆ ತಿರುಗಿಸಿ ಪೆನ್ನು ಕೊಟ್ಟರು. ನನ್ನ ಆಯುಷ್ಯದಲ್ಲಿ ಒಂದು ಕಾಗದ ನನ್ನ ಕಡೆಗೆ ತಿರುಗಿದ್ದು ಅದೇ ಮೊದಲು.

ಬಾಯಿಂದ ಹೇಳಬಾರದು ಎಂದಷ್ಟೇ ಅತ್ತೆ ಕಲಿಸಿದ್ದು. ಬರೆಯಬಾರದು ಎಂದಿರಲಿಲ್ಲ. ಅದು ನನಗೆ ಗೊತ್ತಿತ್ತು. ನಿಮ್ಮ ಹೆಸರಿಗೆ ಮೂರೇ ಅಕ್ಷರ ಸಾಕು. ಮೇಲೆ ಒಂದು ಪೈಸೆಯೂ ಕೊಡಬೇಕಿರಲಿಲ್ಲ, ಅದೇ ಆರುನೂರಕ್ಕೆ ನಾಲ್ವರೂ ಆಗುತ್ತಿತ್ತು. ಪೆನ್ನನ್ನು ಆ ಸಾಲಿನ ಮೇಲೆ ಇಟ್ಟು, ಈ ತುದಿಯಿಂದ ಆ ತುದಿಗೆ ಒಂದು ಗೆರೆ ಎಳೆದೆ. ಕೆಲಸಕ್ಕೆ ಬಾರದ ಆಳಿನ ಹೆಸರಿನ ಮುಂದೆ ನೀವು ಹಾಜರಿ ಪುಸ್ತಕದಲ್ಲಿ ಎಳೆಯುತ್ತೀರಲ್ಲ, ಅಂಥ ಗೆರೆ. "ಮೂರೇ ಜನವೇನಮ್ಮ?" ಎಂದರು. "ಮೂರೇ ಸ್ವಾಮಿ" ಎಂದೆ. ಮೊಹರು ಒತ್ತಿದರು.

ನೀವು ಹುಡುಕಿಸಬೇಕೆಂದರೆ ಹುಡುಕಿಸಿ. ಸಣ್ಣ ಹೆಸರು, ಕಣ್ತಪ್ಪಿ ಹೋಗಿರಬಹುದು. ಸರ್ವರ್ ಪ್ರಾಬ್ಲಂ ಕೂಡ ಇರಬಹುದು, ಕಾಯಿರಿ. ಶಂಕರ ಅವರ ನಂಬರ್ ಇರುವ ಚೀಟಿಯನ್ನು ಇದರೊಳಗೆ ಮಡಿಸಿ ಇಟ್ಟಿದ್ದೇನೆ. ಕಲ್ಲಿಗೆ ಎರಡೇ ವರ್ಷ.

ಅತ್ತೆಯ ವಿಷಯ ಬರೆಯದಿದ್ದರೆ ಪತ್ರ ಪೂರ್ತಿಯಾಗುವುದಿಲ್ಲ. ನಿಮ್ಮ ಕಲ್ಲಿನ ಸುದ್ದಿ ಕೇಳಿ ಎರಡು ದಿನ ಊಟ ಬಿಟ್ಟಿದ್ದರು. "ಅವನು ಮಾಡಿದ್ದು ತಪ್ಪೇ ಮಗಾ. ಆದರೂ ಬರೆಸು" ಎಂದು ನನ್ನ ಕೈ ಹಿಡಿದರು. ಸೊಸೈಟಿಯಿಂದ ಬಂದಾಗ ಅಂಗಳದಲ್ಲೇ ಕಾಯುತ್ತಿದ್ದರು. ಬರೆಸಿದ್ದೇನೆ ಎಂದೆ. ರಸೀದಿ ಕೈಗೆ ಕೊಟ್ಟೆ. ಅವರಿಗೆ ಓದು ಬರುವುದಿಲ್ಲ. ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು, "ಇದು ನೀನು, ಇದು ನಾನು, ಇದು ಪುಟ್ಟಿ, ಇದು ನನ್ನ ಮಗ" ಎಂದು ಎಣಿಸಿ ಕಣ್ಣಿಗೊತ್ತಿಕೊಂಡರು. ಕೊನೆಯ ಸಲ ಅವರ ಬೆರಳಿನ ಕೆಳಗಿದ್ದುದು 'ಒಟ್ಟು ಮೊತ್ತ' ಎಂಬ ಸಾಲು. ಅವತ್ತು ಅವರು ಹೊಟ್ಟೆ ತುಂಬಾ ಉಂಡರು. ನಾನೇ ಬಡಿಸಿದೆ. ನಿಜ ಅವರಿಗೆ ಹೇಳುವ ಕೆಲಸ ನಿಮ್ಮದು. ಬಂದು ಎದುರು ನಿಂತು ಹೇಳಿ. ಏಕೆ ಹೀಗಾಯಿತು ಎಂಬುದನ್ನೂ ಸೇರಿಸಿ.

ನಿಮ್ಮ ಹೆಸರನ್ನು ನಾನು ಒಂದೇ ಕಡೆ ಬರೆದಿದ್ದೇನೆ, ಈ ಕವರಿನ ಮೇಲೆ. ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ. ಅಂಚೆಯವರು ಸಹಿ ಕೇಳುತ್ತಾರೆ. ಹಾಕಿ ತೆಗೆದುಕೊಳ್ಳಿ, ನೀವು ಓದಿದವರು.

ಇಂತಿ,
ಯಲ್ಲಮ್ಮನ ಮಗಳು
ಧನ್ಯಶ್ರೀ

ತಾಜಾಕಲಂ: ಕವರಿಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಆ ದಿನ ನೀವು ಫಾರಂ ತುಂಬುವಾಗ ನಾನು ಮೇಜಿನ ಈಚೆ ನಿಂತಿದ್ದೆನಲ್ಲ. ತಲೆಕೆಳಗಾದ ಅಕ್ಷರ ಓದುವುದು ನನಗೆ ನೇರ ಓದುವುದಕ್ಕಿಂತ ಸಲೀಸು. ಓದಿದ್ದೆ. ನಾಲ್ಕೇ ಹೆಸರಿತ್ತು, ಅಮ್ಮನದು ಇರಲಿಲ್ಲ. ಅಮ್ಮನದು ಎಲ್ಲಿ ಎಂದು ಕೇಳಬೇಕೆಂದು ಬಾಯಿ ತೆರೆದೆ. ಜನರಿದ್ದರು, ನೀವು ಎಲ್ಲರೆದುರು ಏನಾದರೂ ಅಂದುಬಿಡುತ್ತೀರಿ ಎಂದು ನಾಚಿಕೆಯಾಯಿತು. ಹಿಂದಿನ ಪುಟದಲ್ಲಿ ಬರೆದಿರಬಹುದು ಅಂದುಕೊಂಡೆ. ಪುಟ ತಿರುಗಿಸಿ ನೋಡಲಿಲ್ಲ. ಹೆಬ್ಬೆಟ್ಟೊತ್ತಿದೆ. ಬಸ್ಸಿನಲ್ಲಿ ಅಮ್ಮ ಕೇಳಿದಾಗಲೂ ನನಗೆ ಗೊತ್ತಿತ್ತು. ಇದನ್ನು ಅತ್ತೆಗೆ ಹೇಳಿಲ್ಲ, ದ್ಯಾವಮ್ಮನಿಗೂ ಇಲ್ಲ. ಹೇಳಿಕೊಳ್ಳಲು ನಿಮ್ಮನ್ನು ಬಿಟ್ಟರೆ ನನಗೆ ಯಾರೂ ಇಲ್ಲ.