ರೇಡಿಯೊದೊಳಗೆ ಉಳಿದ ಪ್ರಶ್ನೆ

ಅಪ್ಪಾ,

ಏನು ಮನುಷ್ಯರು ನೀವು! ತೀರಿಹೋಗಿ ಆರು ವರ್ಷವಾದರೂ ಸಿಟ್ಟು ಬರಿಸುತ್ತೀರಿ.

ಇವತ್ತು ಬಳ್ಳಾರಿಯಲ್ಲಿ ನಿಮ್ಮ ರೇಡಿಯೊ ರಿಪೇರಿಗೆ ಕೊಟ್ಟೆ. ಹಿಂದಿನ ಮುಚ್ಚಳ ಬಿಚ್ಚಿದ ಕರೀಮಸಾಬ್, "ಒಳಗೊಂದು ಕಾರ್ಡ್ ಐತ್ರಿ ಅಕ್ಕಾರ" ಎಂದರು.

ನನ್ನದೇ ಅಕ್ಷರ! ಭಾನುವಾರದ ಪ್ರಶ್ನೋತ್ತರ ಕಾರ್ಯಕ್ರಮದಲ್ಲಿ ವಾರಕ್ಕೆ ಒಬ್ಬರಿಗೆ ಒಂದೇ ಪ್ರಶ್ನೆಯೆಂದು, ನಿಮ್ಮ ಹೆಸರಲ್ಲೊಂದು ಕಳಿಸಿ, ಉಳಿದ ಒಂಟೆ, ಮಿಂಚು, ಹಲ್ಲಿಬಾಲ ಎಲ್ಲವನ್ನೂ ನನ್ನ ಹೆಸರಲ್ಲಿ ಕೇಳಿದಿರಿ. ರೇಡಿಯೊದಲ್ಲಿ 'ಸಿರುಗುಪ್ಪದ ಶಾಂಭವಿ' ಎಂದು ಬಂದರೆ ಮರುದಿನ ಶಾಲೆಯೇ ನಗುತ್ತಿತ್ತು. ನಾನೇ ಬರೆದ ಒಂದೇ ಕಾರ್ಡನ್ನು "ಪೋಸ್ಟ್ ಡಬ್ಬಿಗೆ ಹಾಕೀನವ್ವ" ಎಂದು ಸುಳ್ಳು ಹೇಳಿ ಬಚ್ಚಿಟ್ಟಿರಾ? ಎಷ್ಟು ಭಾನುವಾರ ಕಿವಿಗೊಟ್ಟು ಕೂತಿದ್ದೆ!

'ನಮ್ಮಪ್ಪ ನಮ್ಮವ್ವನ ಜೊತೆ ಏಕೆ ಮಾತಾಡುವುದಿಲ್ಲ?'

ಮನೆಗೆ ಬಂದಾಗ, ಓದಲು ಬಾರದ ಅವ್ವ ಕಾರ್ಡ್ ನೋಡಿ, "ಏನ್ ಬರದೈತಿ?" ಎಂದಳು. ಉಳ್ಳಾಗಡ್ಡಿ ಹೆಚ್ಚಿದರೆ ಕಣ್ಣೀರು ಏಕೆ ಬರುತ್ತದೆಂದು ಅಪ್ಪ ಕೇಳಿದ್ದರು ಎಂದು ನಾನೂ ಸುಳ್ಳು ಹೇಳಿದೆ.

"ನನ್ನ ಕೇಳಿದ್ರ ನಾನಽ ಹೇಳ್ತಿದ್ನಲ್ಲ" ಎಂದಳು.