ಸುತ್ತು ಎಣಿಸುವ ಡಬ್ಬಿ

ಸೇಡಂ
ಗುರುವಾರ, ೧೭ ಜುಲೈ ೨೦೨೫

ಪ್ರೀತಿಯ ಶೈಲಾ,

ಹೇಗಿದ್ದೀಯವ್ವಾ? ಮಳೆ ಹಿಡಿದ ಮೇಲೆ ಪ್ರತಿವರ್ಷ ನಿನಗೆ ಬರುವ ನೆಗಡಿ ಈ ಸಲವೂ ಬಂದಿರಬೇಕು. ತುಳಜಾಬಾಯಿ ಅತ್ತೆ ಬಿಸಿನೀರು ಕಾಸಿ ಕೊಡುತ್ತಾಳೆಂದು ಗೊತ್ತು, ನೀನು ಕುಡಿಯುತ್ತೀಯೋ ಇಲ್ಲವೋ ಅದು ಗೊತ್ತಿಲ್ಲ. ಇಲ್ಲಿದ್ದಾಗ ನಾನು ಎದುರಿಗೇ ನಿಲ್ಲುತ್ತಿದ್ದೆ, ನಾನು ಆಚೆ ತಿರುಗಿದ ಕೂಡಲೇ ನೀನು ಲೋಟ ಬಾಗಿಲ ಹೊರಗೆ ಬಗ್ಗಿಸುತ್ತಿದ್ದೆ. ನನಗೆ ಗೊತ್ತಿರಲಿಲ್ಲ ಅಂದುಕೊಂಡಿದ್ದೀಯ. ಕಾಲೇಜಿನಲ್ಲಿ ಗೆಳತಿಯರಾದರೇ? ಚಿಂಚೋಳಿಯ ನೀರು ಮೈಗೆ ಒಗ್ಗಿತೇ? ಅತ್ತೆಯ ಮೊಣಕಾಲು ಹೇಗಿದೆ? ನನ್ನ ಆರೋಗ್ಯ ಚೆನ್ನಾಗಿದೆ. ಹೊತ್ತು ಹೊತ್ತಿಗೆ ಉಣ್ಣುತ್ತೇನೆ ಎಂದು ಬರೆದರೆ ನೀನು ನಂಬುವುದಿಲ್ಲ, ಅದಕ್ಕೇ ಬರೆಯುವುದಿಲ್ಲ.

ಕೈಯಲ್ಲಿ ಫೋನ್ ಇಟ್ಟುಕೊಂಡು ಅಪ್ಪ ಪತ್ರ ಬರೆಯುತ್ತಾನಲ್ಲ ಎಂದು ನಗಬೇಡ. ನಿಮ್ಮತ್ತೆ ಫೋನನ್ನು ಸ್ಪೀಕರಿಗೆ ಹಾಕದೆ ಒಂದು ದಿನ ಮಾತಾಡಿಲ್ಲ. ನಾನಿಲ್ಲಿ ಹಲೋ ಎಂದರೆ ಅಲ್ಲಿ ಅರ್ಧ ಓಣಿಗೆ ಕೇಳುತ್ತದೆ. ನೀನೂ ಈಗ ‘ಹೂಂ’, ‘ಉಂಡೀನಿ’, ‘ಇಡ್ಲೇನಪ್ಪಾ?’ ಎಂಬ ಮೂರು ಮಾತಿನಲ್ಲಿ ಮುಗಿಸುತ್ತೀಯ. ಆದರೆ ಈಗ ಹೇಳಲೇಬೇಕಾದ ಸಂಗತಿಯೊಂದಿದೆ. ಕಲಬುರಗಿಯ ಪಾಲಿಟೆಕ್ನಿಕ್ ಒಂದರಲ್ಲಿ ಎಲೆಕ್ಟ್ರಾನಿಕ್ಸ್ ಸೀಟು ಇನ್ನೂ ಉಳಿದಿದೆ. ಬೇಸಿಗೆಯಲ್ಲಿ ನೀನು ಆಸೆ ಬಿಟ್ಟ ಅದೇ ಡಿಪ್ಲೊಮಾ. ಬರುವ ಸೋಮವಾರ, ಇಪ್ಪತ್ತೊಂದಕ್ಕೆ, ಕಡೆಯ ದಿನ. ಇದನ್ನು ಬರೆಯಲು ಮೂರು ದಿನದಿಂದ ಕೂತಿದ್ದೇನೆ, ಬರೆದದ್ದಕ್ಕಿಂತ ಹರಿದದ್ದೇ ಹೆಚ್ಚು. ಚಿಂಚೋಳಿ ಬಸ್ಸಿನ ಕಂಡಕ್ಟರ್ ಬಂದೇಅಲಿಯ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ಮಧ್ಯಾಹ್ನದೊಳಗೆ ನಿನಗೆ ಮುಟ್ಟುತ್ತದೆ.

ಅಂಗಡಿ ನಡೆದಿದೆ. ಸುಟ್ಟ ಫ್ಯಾನು, ಸುಟ್ಟ ಮಿಕ್ಸರು, ಬೋರಿನ ಮೋಟಾರು ಹೊತ್ತುಕೊಂಡು ಬರುವವರಿಗೇನೂ ಕೊರತೆಯಿಲ್ಲ. ಕೆಲಸವಿದೆ, ಮಾತಿಲ್ಲ. ನಿಮ್ಮವ್ವ ಹೋದಾಗ ನೀನು ಏಳನೇ ಇಯತ್ತೆ. ಅವತ್ತಿನಿಂದ ಶಾಲೆ ಬಿಟ್ಟ ಕೂಡಲೇ ಸೀದಾ ಅಂಗಡಿಗೆ ಬಂದು, ಚೀಲ ಇಳಿಸಿ, ವೈಂಡಿಂಗ್ ಮಷಿನಿನ ಪಕ್ಕ ಕೂತುಬಿಡುತ್ತಿದ್ದೆ. ಮಷಿನಿನ ಲೆಕ್ಕದ ಮೀಟರು ಎಂದೋ ಕೆಟ್ಟಿತ್ತು. ನಾನು ಹಿಡಿಕೆ ತಿರುಗಿಸುವುದು, ತಾಮ್ರದ ತಂತಿ ಸುತ್ತಿಕೊಳ್ಳುವುದು, ನೀನು ಸುತ್ತು ಎಣಿಸುವುದು. ಲೆಕ್ಕ ತಪ್ಪಿದರೆ ಮೋಟಾರು ಕಾದು ಮತ್ತೆ ಸುಡುತ್ತದೆಂದು ನಿನಗೆ ಹೇಳಿಕೊಟ್ಟಿದ್ದೆ, ನೀನು ಒಂದು ದಿನವೂ ತಪ್ಪಲಿಲ್ಲ. ನೂರು ಮುಟ್ಟಿದ ಕೂಡಲೇ ‘ನಿಂದರಪ್ಪಾ’ ಎಂದು ನನ್ನ ಕೈ ಹಿಡಿದು ಶಾಲೆಯ ಒಂದು ಸುದ್ದಿ ಹೇಳುತ್ತಿದ್ದೆ. ಆಮೇಲೆ ನೂರಾ ಒಂದು. ಮುನ್ನೂರು ಸುತ್ತಿನ ಫ್ಯಾನು ಬಂದರೆ ನನಗೆ ಮೂರು ಸುದ್ದಿ. ಗಿರಾಕಿ ಹೊರಗೆ ಕಾಯುತ್ತ ಗೊಣಗುತ್ತಿದ್ದ, ನಾವು ಒಳಗೆ ನಗುತ್ತ ಕೂತಿರುತ್ತಿದ್ದೆವು. ಹೆಂಡತಿ ಸತ್ತವನೊಬ್ಬ ಆ ನಾಲ್ಕು ವರ್ಷ ಹೇಗೆ ದಾಟಿದ ಎಂದು ಯಾರಾದರೂ ಕೇಳಿದರೆ, ನೂರು ನೂರು ಸುತ್ತಾಗಿ ದಾಟಿದ ಎಂದು ಹೇಳುತ್ತೇನೆ.

ಕಮರುನ್ನೀಸಾ ಮೇಡಂ ಹೆಸರನ್ನು ನಾನು ಮೊದಲು ಕೇಳಿದ್ದೂ ಹಾಗೆ ಒಂದು ನೂರರ ಹತ್ತಿರವೇ. ಶಹಾಬಾದಿನವರು, ಅವರಪ್ಪ ನೆಲಕ್ಕೆ ಹಾಸುವ ಪರಸಿ ಕಲ್ಲಿಗೆ ಪಾಲಿಶ್ ಹಾಕುತ್ತಿದ್ದವರು, ಮಗಳು ಈಗ ಕೋಡ್ಲಾದ ಕಡೆ ಸಿಮೆಂಟ್ ಕಾರ್ಖಾನೆಯ ಕಂಟ್ರೋಲ್ ರೂಮಿನಲ್ಲಿ ಇಂಜಿನಿಯರ್, ಭಾನುವಾರ ನಿಮ್ಮ ಹುಡುಗಿಯರ ಶಾಲೆಗೆ ಬಂದು ಪುಕ್ಕಟೆ ಕಲಿಸುತ್ತಾರೆ ಎಂದು ನೀನು ಹೇಳಿದೆ. ಆಮೇಲೆ ಎರಡು ವರ್ಷ ಅವರದೇ ಸುದ್ದಿ. ಮೇಡಂ ಸರ್ಕ್ಯೂಟ್ ಬೋರ್ಡು ಕೊಟ್ಟರು, ಮೇಡಂ ಪ್ರೋಗ್ರಾಂ ಬರೆಯಲು ಹೇಳಿದರು, ಮೇಡಂ ತಪ್ಪು ಹುಡುಕಿಕೊಡದೆ ನೀನೇ ಹುಡುಕು ಎಂದರು. ಕೊನೆಗೆ ಒಂದು ದಿನ ನೀನು ಸೋಪಿನ ಡಬ್ಬಿಯೊಳಗೆ ಬೋರ್ಡು ಕೂರಿಸಿ, ಹಿಡಿಕೆಗೆ ಒಂದು ಸಣ್ಣ ಮ್ಯಾಗ್ನೆಟ್ ಅಂಟಿಸಿ, ‘ತಿರುಗ್ಸಪ್ಪಾ’ ಎಂದೆ. ನಾನು ತಿರುಗಿಸಿದೆ. ಡಬ್ಬಿಯ ಮೇಲೆ ಕೆಂಪಗೆ ಒಂದು, ಎರಡು, ಮೂರು ಎಂದು ಬೀಳತೊಡಗಿತು. ಅಂಗಡಿಗೆ ಬಂದವರಿಗೆಲ್ಲ ತೋರಿಸಿದೆ. ‘ನಮ್ಮ ಶೈಲಾ ಮಾಡ್ಯಾಳ ನೋಡ್ರಿ’ ಎಂದು ಎಷ್ಟು ಜನರಿಗೆ ಹೇಳಿದೆನೋ ಲೆಕ್ಕವಿಲ್ಲ.

ಇನ್ನೊಂದು ಮಾತನ್ನು ಅವತ್ತು ಹೇಳಲಿಲ್ಲ, ಈಗ ಹೇಳುತ್ತೇನೆ. ಡಬ್ಬಿ ಬಂದ ಮೇಲೆ ನೀನು ಎಣಿಸುವ ಅಗತ್ಯವಿರಲಿಲ್ಲ. ನೀನು ಬಾಗಿಲ ಬೆಳಕಿಗೆ ಕೂತು ಮೇಡಂ ಕೊಟ್ಟ ಪುಸ್ತಕ ಓದುತ್ತಿದ್ದೆ, ನಾನು ತಿರುಗಿಸುತ್ತಿದ್ದೆ, ನೂರು ದಾಟಿ ಹೋಗುತ್ತಿತ್ತು, ಇನ್ನೂರು ದಾಟಿ ಹೋಗುತ್ತಿತ್ತು. ಕೈ ಹಿಡಿದು ನಿಲ್ಲಿಸುವವರು ಯಾರೂ ಇರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು. ಮಗಳು ಮಾಡಿದ ಸೋಪಿನ ಡಬ್ಬಿಯ ಮೇಲೆ ಅಪ್ಪನಾದವನಿಗೆ ಹೊಟ್ಟೆಕಿಚ್ಚು ಎಂದರೆ ಜನ ನಕ್ಕಾರು, ಆದರೆ ಆಯಿತು. ನೀನು ಚಿಂಚೋಳಿಗೆ ಹೋದ ಮೇಲೆ ಎರಡು ವಾರ ಡಬ್ಬಿ ಆಫ್ ಮಾಡಿ ಬಾಯಲ್ಲೇ ಎಣಿಸಿ ನೋಡಿದೆ. ನೂರಾ ನಲವತ್ತರ ಹತ್ತಿರ ನೀನು ಉಂಡೆಯೋ ಇಲ್ಲವೋ ಎಂದು ಯೋಚನೆ ಬರುತ್ತಿತ್ತು, ಲೆಕ್ಕ ಹೋಗುತ್ತಿತ್ತು. ಆಡಕಿಯ ಮಡಿವಾಳಯ್ಯನವರ ಮೋಟಾರು ಎಂಟು ದಿನಕ್ಕೇ ಸುಟ್ಟು ವಾಪಸ್ ಬಂತು. ‘ನಿನ್ನ ಲಕ್ಷ್ಯ ಎಲ್ಲಿ ಅದ ಲಾಲಪ್ಪಾ?’ ಎಂದರು. ಈಗ ಮತ್ತೆ ಡಬ್ಬಿಯೇ ಎಣಿಸುತ್ತಿದೆ.

ಮೇ ತಿಂಗಳನ್ನು ನೆನೆಸಿಕೊಳ್ಳುವುದು ನಿನಗೂ ಬೇಡ, ನನಗೂ ಬೇಡ. ಆದರೂ ಬರೆಯಬೇಕು. ರಿಸಲ್ಟ್ ಬಂದ ಮೇಲೆ ಅರ್ಜಿ ಹಾಕುವುದು, ಹಾಸ್ಟೆಲ್ಲು, ಎಲ್ಲದಕ್ಕೂ ಫೋನ್ ಮಾಡಿ ದಾರಿ ಹೇಳುತ್ತೇನೆ ಎಂದು ಮೇಡಂ ನಿನಗೆ ಮಾತು ಕೊಟ್ಟಿದ್ದರು. ಮನೆಗೆಲ್ಲ ಇರುವುದು ನನ್ನದೊಂದೇ ಫೋನು. ಹನ್ನೊಂದು ದಿನ ನೀನು ಅದನ್ನು ಚಾರ್ಜಿಗೆ ಹಾಕಿ ಪಕ್ಕದಲ್ಲೇ ಕೂತೆ. ನಾನು ಕೆಲಸಕ್ಕೆ ಹೊರಗೆ ಒಯ್ದರೆ, ಬಂದ ಕೂಡಲೇ ‘ಮೇಡಂದು ಬಂದಿತ್ತೇನಪ್ಪಾ?’ ಎನ್ನುತ್ತಿದ್ದೆ. ‘ನಾನಾ ಹಚ್ಚಿ ನೋಡ್ಲೇನು?’ ಎಂದೂ ಒಮ್ಮೆ ಕೇಳಿದೆ. ದೊಡ್ಡವರಿಗೆ ನೂರೆಂಟು ಕೆಲಸ, ನಾವು ಬೆನ್ನು ಹತ್ತಬಾರದು ಎಂದು ನಾನೇ ಹೇಳಿದೆ. ಹನ್ನೆರಡನೇ ದಿನ ನೀನು ಏನೂ ಕೇಳಲಿಲ್ಲ. ‘ಅವ್ರಿಗೆ ನನ್ನಂಥೋರು ಎಷ್ಟ್ ಮಂದಿ ಇರ್ತಾರೋ, ಮರ್ತಿರ್ಬೇಕು’ ಎಂದು ಪುಸ್ತಕಗಳನ್ನು ಕಟ್ಟಿ ಅಟ್ಟದ ಮೇಲಿಟ್ಟೆ. ಆಮೇಲೆ ಸೇಡಂನಲ್ಲೇ ಇರಲು ಮನಸ್ಸಾಗದೆ, ಅತ್ತೆಯ ಮನೆಯಲ್ಲಿದ್ದು ಆರ್ಟ್ಸ್ ಓದುತ್ತೇನೆ ಎಂದು ಹೊರಟೆ. ಬಸ್ಸಿನ ಕಿಟಕಿಯಿಂದ ನೀನು ಕೈ ಬೀಸಿದೆ, ಮುಖ ಮಾತ್ರ ಆಚೆಗಿತ್ತು.

ಮೊನ್ನೆ ಭಾನುವಾರ ಏನಾಯಿತು ಕೇಳು. ಮಧ್ಯಾಹ್ನ ಊಟ ಮಾಡಿ ಎದ್ದಿದ್ದೆ, ಅಂಗಡಿಯ ಮುಂದೆ ಕಮರುನ್ನೀಸಾ ಮೇಡಂ ನಿಂತಿದ್ದರು. ಹಿಂದೆ ಏಳೆಂಟು ಹುಡುಗಿಯರು, ಎಲ್ಲ ಒಂಬತ್ತನೇ ಇಯತ್ತೆಯವರು. ‘ಲಾಲಪ್ಪನೋರೆ, ಶೈಲಶ್ರೀ ಮಾಡಿದ ಡಬ್ಬಿ ಇವ್ರಿಗೆ ಜರಾ ತೋರಿಸ್ರಿ. ಪುಸ್ತಕದಾಗಿಂದು ಎಷ್ಟ್ ಹೇಳಿದ್ರೂ ಅಷ್ಟೇ, ನಮ್ಮೂರ ಹುಡುಗಿ ಮಾಡಿದ್ದು ಕಣ್ಣಿಲೆ ನೋಡ್ಲಿ’ ಎಂದರು. ನನಗೆ ಅವರ ಮುಖ ನೋಡಲಾಗಲಿಲ್ಲ. ಸುಮ್ಮನೆ ಮಷಿನಿಗೆ ತಂತಿ ಹಚ್ಚಿಕೊಟ್ಟೆ. ಹುಡುಗಿಯರು ಸರದಿಯ ಮೇಲೆ ಹಿಡಿಕೆ ತಿರುಗಿಸಿದರು. ಒಬ್ಬಳು ಮ್ಯಾಗ್ನೆಟ್ ಕಿತ್ತು ನೋಡಿದಳು, ಇನ್ನೊಬ್ಬಳು ಬೈದು ಮತ್ತೆ ಅಂಟಿಸಿದಳು. ಮೇಡಂ ಏನನ್ನೂ ವಿವರಿಸಲಿಲ್ಲ, ಹೇಗಾಗುತ್ತಿದೆ ನೀವೇ ಹೇಳಿ ಎಂದು ಕೈ ಕಟ್ಟಿ ನಿಂತರು. ನೀನು ಹೇಳುತ್ತಿದ್ದದ್ದು ಸರಿಯೇ, ಅವರು ಕಲಿಸುವುದು ಹಾಗೆಯೇ.

ಆ ಹುಡುಗಿಯರಲ್ಲಿ ಬಸವೇಶ್ವರಿ ಎಂಬವಳು, ಗಿಡ್ಡ, ಎರಡು ಜಡೆ, ಬಾಯಿ ಜೋರು. ಅಕ್ಕ ಈಗ ಎಲ್ಲಿದ್ದಾಳೆ ಎಂದಳು. ಚಿಂಚೋಳಿಯಲ್ಲಿ ಆರ್ಟ್ಸ್ ಎಂದೆ. ಅವಳು ಡಬ್ಬಿಯನ್ನು ನೋಡಿದಳು, ನನ್ನನ್ನು ನೋಡಿದಳು. ‘ಅಕ್ಕಗ ಇದು ಬ್ಯಾಡಾಯ್ತೇನ್ರಿ ಕಾಕಾ? ನಮ್ಮವ್ವನೂ ಅದಾ ಅಂತಾಳ. ಅಷ್ಟ್ ಶಾಣ್ಯಾ ಹುಡುಗೀನಾ ಬಿಟ್ಟು ಹೋದ್ಳು, ನಿಂದೇನ್ ನಡಸೀದಿ, ಐತವಾರ ಮನ್ಯಾಗ ಕೆಲ್ಸ ಮಾಡು ಅಂತಾಳ’ ಎಂದಳು. ಮೇಡಂ ನನ್ನ ಕಡೆ ನೋಡಿದರು, ನಾನು ಏನು ಹೇಳುತ್ತೇನೆಂದು ಕಾಯುವವರ ಹಾಗೆ. ನಾನು ವಾರ್ನಿಶ್ ಡಬ್ಬದ ಮುಚ್ಚಳ ತೆಗೆದು ಮತ್ತೆ ಹಾಕಿದೆ. ಅವರೆಲ್ಲ ಹೋದ ಮೇಲೆ ಸಂಜೆಯವರೆಗೆ ಒಂದು ಕೆಲಸ ಮಾಡಲಾಗಲಿಲ್ಲ.

ಸೋಮವಾರ ಸಂಜೆ ಮೇಡಂ ಡ್ಯೂಟಿ ಮುಗಿಸಿ ಶಹಾಬಾದಿನ ರೈಲು ಹಿಡಿಯುವ ಹೊತ್ತಿಗೆ ನಾನು ಸ್ಟೇಷನ್ನಿಗೆ ಹೋದೆ. ಅಲ್ಲಿ ಮಾತಾಡಿದ್ದೆಲ್ಲ ಬರೆಯಲಾಗುವುದಿಲ್ಲ, ಮುಖ್ಯವಾದದ್ದು ಬರೆಯುತ್ತೇನೆ. ಸೀಟು ಉಳಿದಿರುವುದನ್ನು ಅವರೇ ವಿಚಾರಿಸಿ ಹೇಳಿದರು. ನಿನ್ನ ಅಂಕಗಳಿಗೆ ಸಿಗುತ್ತದೆ ಎಂದೂ ಹೇಳಿದರು. ನಿನ್ನ ಕಾಲೇಜಿನಿಂದ ಟಿ.ಸಿ. ಬಿಡಿಸಿಕೊಳ್ಳಬೇಕು, ಪ್ರಿನ್ಸಿಪಾಲರಿಗೆ ಬರೆದ ಅರ್ಜಿ ಇದರೊಳಗೆ ಮಡಚಿಟ್ಟಿದ್ದೇನೆ. ಶುಕ್ರವಾರ, ಶನಿವಾರ ಎರಡೇ ದಿನ ಇದೆ, ತಡ ಮಾಡಬೇಡ. ಭಾನುವಾರ ಬಂದುಬಿಡು. ಸೋಮವಾರ ಬೆಳಗ್ಗೆ ನಾವಿಬ್ಬರೂ ರೈಲಿನಲ್ಲಿ ಹೋಗೋಣ. ಚಿತ್ತಾಪುರ, ವಾಡಿ ದಾಟಿದ ಮೇಲೆ ಶಹಾಬಾದಿನಲ್ಲಿ ಮೇಡಂ ಹತ್ತುತ್ತಾರೆ. ಅಷ್ಟು ದೂರ ನಿನ್ನ ಪಕ್ಕ ಕೂತು ಬರಬೇಕೆಂದು ನನಗೆ ಭಾಳ ಆಸೆಯಿದೆ. ಮನೆ ಎಷ್ಟು ದೊಡ್ಡದು ಎಂದು ನೀನು ಹೋದ ಮೇಲೆ ಗೊತ್ತಾಯಿತು, ಎರಡೇ ಕೋಣೆ ಇದ್ದರೂ.

ಮೈ ಗಟ್ಟಿಯಾಗಿ, ಮನಸ್ಸು ಗಟ್ಟಿಯಾಗಿ ಇರವ್ವಾ. ನಿಮ್ಮತ್ತೆಗೆ ನನ್ನ ಜೈಭೀಮ ಹೇಳು. ಈ ಪತ್ರವನ್ನು ಮಾತ್ರ ಅವಳ ಮುಂದೆ ಜೋರಾಗಿ ಓದಬೇಡ.

ನಿನ್ನ ಅಪ್ಪ,
ಲಾಲಪ್ಪ

ಮತ್ತೆ: ಬಸ್‌ಸ್ಟ್ಯಾಂಡಿನಲ್ಲಿ ನಿಂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟವಾದರೆ ಕೂಡಿಸಿ ಓದಿಕೋ. ಬಂದೇಅಲಿ ‘ಲಗೂ ಕೊಡ್ರಿ ಲಾಲಪ್ಪಣ್ಣ, ಬಸ್ ಬಿಡಾಕತ್ತೀನಿ’ ಎನ್ನುತ್ತಿದ್ದಾನೆ. ಮೇಲೆ ಇಷ್ಟೆಲ್ಲ ಬರೆದೂ ಬರೆಯಬೇಕಾದದ್ದನ್ನು ಬರೆದಿಲ್ಲ. ಮೇಡಂ ನಿನ್ನನ್ನು ಮರೆತಿರಲಿಲ್ಲ ಶೈಲಾ. ನೀನು ಮಾರ್ಕ್ಸ್ ಕಾರ್ಡ್ ತರಲು ಶಾಲೆಗೆ ಹೋಗಿದ್ದ ದಿನವೇ ಅವರು ಫೋನ್ ಮಾಡಿದರು. ನಾನು ಅಂಗಡಿಯಲ್ಲಿ, ಬಾಬಾಸಾಹೇಬರ ಫೋಟೊದ ಕೆಳಗೆ ನಿಂತು, ‘ಅಕಿಗಿ ಮನಸ್ಸಿಲ್ರಿ ಮೇಡಂ, ಚಿಂಚೋಳಿಗಿ ನಮ್ಮಕ್ಕನ ಮನಿಗಿ ಹೋಗಿ ಆರ್ಟ್ಸ್ ಓದ್ತಾಳಂತ’ ಎಂದೆ. ಆಮೇಲೆ ಮೂರು ಮೆಸೇಜು ಬಂದವು, ಮೂರನ್ನೂ ಅಳಿಸಿ ಅವರ ನಂಬರನ್ನು ಬ್ಲಾಕ್ ಮಾಡಿದೆ. ಹನ್ನೊಂದು ದಿನ ನೀನು ಕಾದದ್ದು ಬರಲಾಗದ ಫೋನಿಗೆ. ನನ್ನ ಸುಳ್ಳನ್ನು ನೀನು ಗೊತ್ತಿಲ್ಲದೆ ಚಿಂಚೋಳಿಗೆ ಹೋಗಿ ನಿಜ ಮಾಡಿದೆ. ನೀನು ಕಲಬುರಗಿಗೆ ಹೋದರೆ ಒಬ್ಬನೇ ಉಳಿಯುತ್ತೇನೆಂದು ಹೆದರಿದೆ, ಬೇರೆ ಕಾರಣವಿಲ್ಲ. ಸ್ಟೇಷನ್ನಿನಲ್ಲಿ ಇದನ್ನೆಲ್ಲ ಮೇಡಂಗೆ ಹೇಳಿದೆ. ಅವರು ‘ನನ್ನ ಮುಂದ ಹೇಳಿದ್ದು ಆಯ್ತು, ಅಕಿಗಿ ಹೇಳ್ರಿ. ನಿಮ್ಮ ಕಡಿಂದ ಗೊತ್ತಾಗೋ ತನಕ ನಾ ಫೋನ್ ಮಾಡಂಗಿಲ್ಲ’ ಎಂದರು. ಅವರ ನಂಬರು ಹಾಳೆಯ ಹಿಂದೆ ಬರೆದಿದ್ದೇನೆ. ಈಗ ನೀನೇ ಮಾಡು. ರೈಲಿನಲ್ಲಿ ಇಬ್ಬರೂ ಹೋಗೋಣ ಎಂದದ್ದು ನನ್ನ ಆಸೆ ಅಷ್ಟೇ, ಅದನ್ನು ಲೆಕ್ಕಕ್ಕಿಡಬೇಡ. ಚಿಂಚೋಳಿಯಿಂದ ಕಲಬುರಗಿಗೆ ನೇರ ಬಸ್ಸಿದೆ, ಅತ್ತೆಯನ್ನು ಕರೆದುಕೊಂಡು ಹೋಗು, ನೀನು ಫೋನ್ ಮಾಡಿದರೆ ಮೇಡಂ ಅಲ್ಲಿಗೇ ಬರುತ್ತಾರೆ. ಪಾಲಿಟೆಕ್ನಿಕ್ಕಿನ ಅರ್ಜಿಯಲ್ಲಿ ತಂದೆಯ ಸಹಿ ಎಂದಿರುವ ಕಡೆಯಲ್ಲೆಲ್ಲ ಸಹಿ ಮಾಡಿ ನಿನ್ನೆಯೇ ಅವರ ಕೈಗೆ ಕೊಟ್ಟಿದ್ದೇನೆ. ನನ್ನ ಮುಖ ನೋಡದೆಯೂ ನೀನು ಸೇರಬಹುದು.